ನಾನು ಸುಮ್ಮನಿದ್ದ ಆ ದಿನ

ಆ ಮೀಟಿಂಗ್‌ನಲ್ಲಿ ನಾನು ಸುಳ್ಳು ಹೇಳಲಿಲ್ಲ. ಬಾಯೇ ಬಿಡಲಿಲ್ಲ. ಮುಂದಿನ ಆರು ವರ್ಷ ಇದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಡೆದದ್ದು ಇಷ್ಟು. ನಾನು ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವರ್ಷದ ಕೊನೆಯ ವರದಿ ನನ್ನ ಕೈಯಿಂದ ಹೋಗಬೇಕಿತ್ತು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಒಬ್ಬ ಹುಡುಗ ಶೀಟ್ ತಯಾರಿಸಿ ಕೊಟ್ಟಿದ್ದ. ಕೊನೆಯ ಗಳಿಗೆಯ ಅವಸರದಲ್ಲಿ ನಾನು ಹಿಂದಿನ ವರ್ಷದ ಒಂದಷ್ಟು ಅಂಕಿಗಳನ್ನು ಅದರ ಮೇಲೆ ಅಂಟಿಸಿಬಿಟ್ಟೆ. ತಾಳೆ ನೋಡದೆ ಕಳಿಸಿದೆ. ತಪ್ಪು ಹೊರಬಿದ್ದಾಗ ಮ್ಯಾನೇಜರು ಎಲ್ಲರನ್ನೂ ಕೂರಿಸಿಕೊಂಡು, "ಇದನ್ನ ಮಾಡಿದ್ದು ಯಾರು?" ಎಂದು ಕೇಳಿದರು. ಯಾರೋ ಶೀಟಿನ ಮೇಲಿದ್ದ ಅವನ ಹೆಸರನ್ನು ಓದಿದರು. ಅವನು ನನ್ನ ಕಡೆ ನೋಡಿದ. ನಾನು ನನ್ನ ನೋಟ್‌ಬುಕ್ ನೋಡಿದೆ.

ಅವನನ್ನು ಕೆಲಸದಲ್ಲಿ ಕಾಯಂ ಮಾಡಲಿಲ್ಲ. ಎರಡು ತಿಂಗಳಲ್ಲಿ ಅವನ ಕುರ್ಚಿ ಖಾಲಿಯಾಯಿತು.

ನನ್ನ ಮುಖ ಸಪ್ಪಗಿದ್ದದ್ದನ್ನು ಕಂಡ ಒಬ್ಬರು, "ಅವನ ಕರ್ಮ, ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಅಂದರು. ಅವರಿಗೆ ನಿಜ ಗೊತ್ತಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಮಾತು ನನಗೆ ಎಷ್ಟು ಹಿತವಾಯಿತು ಎಂದು ಈಗ ನೆನೆದರೆ ಭಯವಾಗುತ್ತದೆ. ನಮ್ಮ ಮಾತಿನಲ್ಲಿ ಈ ಪದ ಹೇಗೆ ಬರುತ್ತದೆ ನೋಡಿ. ಬಸ್ಸು ತಪ್ಪಿದರೆ "ನನ್ನ ಕರ್ಮ". ಯಾರಿಗೋ ಕಷ್ಟ ಬಂದರೆ "ಪಾಪ, ಅವರ ಕರ್ಮ". ಆಗಿಹೋದದ್ದನ್ನು, ಇನ್ನು ಏನೂ ಮಾಡಲಾಗದ್ದನ್ನು ತೋರಿಸಲಿಕ್ಕೇ ನಾವು ಅದನ್ನು ಬಳಸುತ್ತೇವೆ. ಹಣೆಬರಹ ಎಂದರೂ ಅದೇ ಅರ್ಥ. ಕರ್ಮ ಎಂದರೆ ಕೆಲಸ, ಮಾಡುವುದು ಎನ್ನುವ ಮೂಲ ಅರ್ಥ ನನ್ನ ತಲೆಯಿಂದ ಪೂರ್ತಿ ಜಾರಿಹೋಗಿತ್ತು.

ಮೂರು ವರ್ಷ ಕಳೆಯಿತು. ನನಗೆ ಬಡ್ತಿ ಸಿಕ್ಕಿತು. ಆಮೇಲೆ ಕತ್ತು ಮತ್ತು ಭುಜದ ನೋವು ಶುರುವಾಯಿತು. ರಾತ್ರಿ ನಿದ್ದೆ ಇಲ್ಲ, ಬಲಗೈ ಜೋಮು ಹಿಡಿಯುತ್ತಿತ್ತು. ಆಗ ಅದೇ ಪದ ಮತ್ತೆ ಬಂತು, ಈ ಸಲ ನನ್ನ ಕಡೆಗೆ ತಿರುಗಿಕೊಂಡು. ಆ ಹುಡುಗನಿಗೆ ಮಾಡಿದ್ದಕ್ಕೆ ಇದು ಫಲ, ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ವಾ, ಉಣ್ಣುತ್ತಿದ್ದೇನೆ ಅಂದುಕೊಂಡೆ. ಈ ಯೋಚನೆಯಲ್ಲಿ ದುಃಖಕ್ಕಿಂತ ಜಾಸ್ತಿ ನೆಮ್ಮದಿ ಇತ್ತು. ಒಂದೊಂದು ರಾತ್ರಿ ನೋವು ತಿಂದಾಗಲೂ ಸಾಲದ ಒಂದು ಕಂತು ಕಟ್ಟಿದೆ ಅನಿಸುತ್ತಿತ್ತು. ಹೀಗೇ ಕಟ್ಟುತ್ತಾ ಹೋದರೆ ಒಂದು ದಿನ ಸಾಲ ತೀರುತ್ತದೆ, ಅವನ ಮುಖ ನೋಡುವ ಅಗತ್ಯವೇ ಬರುವುದಿಲ್ಲ ಎನ್ನುವುದು ಒಳಗಿನ ಲೆಕ್ಕ. ಡಾಕ್ಟರ್ ಹೇಳಿದ ವ್ಯಾಯಾಮವನ್ನು ನಾನು ಸರಿಯಾಗಿ ಮಾಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಎಂದು ಈಗ ಅನಿಸುತ್ತದೆ.

ನೋವಿನ ಕಾರಣಕ್ಕೇ ಒಬ್ಬರು ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೋಗಿ ಎಂದರು. ಹೋದೆ. ಬೆಳಿಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತಿತ್ತು. ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಮೊದಲು ಪಂಚಶೀಲ, ಅಂದರೆ ಬೌದ್ಧರ ಐದು ನಡತೆಯ ವ್ರತಗಳನ್ನು ತೆಗೆದುಕೊಳ್ಳಬೇಕು. ಪಾಲಿ ಭಾಷೆಯಲ್ಲಿ ನಾಲ್ಕನೆಯದು "ಮುಸಾವಾದಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ". ಸುಳ್ಳು ಹೇಳುವುದರಿಂದ ದೂರ ಇರುವ ಶಿಕ್ಷಣವನ್ನು ನಾನು ಸ್ವೀಕರಿಸುತ್ತೇನೆ ಎಂದು ಅದರ ಅರ್ಥ. ಎಲ್ಲರ ಜೊತೆ ನಾನೂ ಹೇಳಿದೆ. ನಾನು ಸುಳ್ಳು ಹೇಳಿಲ್ಲವಲ್ಲ ಎಂದು ಒಳಗೆ ತಕ್ಷಣ ಒಂದು ಮಾತು ಎದ್ದಿತು. ಯಾರೂ ನನ್ನನ್ನು ಕೇಳಿರಲಿಲ್ಲ. ಮತ್ತೆ ಯಾಕೆ ಉತ್ತರ ಕೊಟ್ಟೆ?

ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರನ್ನು ಗಮನಿಸುವುದಷ್ಟೇ ಕೆಲಸ. ಮನಸ್ಸಿಗೆ ತಿನ್ನಲು ಹೊಸದೇನೂ ಸಿಗದಿದ್ದಾಗ ಹಳೆಯದನ್ನೆಲ್ಲ ಹೊರಗೆ ತೆಗೆಯುತ್ತದೆ. ಆರನೆಯ ದಿನದ ಹೊತ್ತಿಗೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಮೇಜು, ನೋಟ್‌ಬುಕ್, ಅವನು ನನ್ನ ಕಡೆ ತಿರುಗಿದ ಮುಖ ಅಷ್ಟೇ.

ಶಿಬಿರ ಮುಗಿದ ಕೆಲವು ವಾರಗಳ ನಂತರ ಒಬ್ಬ ಭಂತೇಜಿಯನ್ನು, ಅಂದರೆ ಬೌದ್ಧ ಭಿಕ್ಷುವನ್ನು, ಕಾಣಲು ಹೋದೆ. ವಯಸ್ಸಾದವರು. ಮಾತು ಕಮ್ಮಿ. ನಾನು ಶುರು ಮಾಡಿದ್ದು ಕತ್ತಿನ ನೋವಿನಿಂದ. ಅದು ಯಾವ ಕರ್ಮದ ಫಲ ಎಂದೂ ನಾನೇ ಹೇಳಿಬಿಟ್ಟೆ. ಅವರು ಕೇಳಿಸಿಕೊಂಡು ಸೀವಕನ ಕಥೆ ಹೇಳಿದರು. ಮೋಳಿಯ ಸೀವಕ ಎಂಬ ಅಲೆಮಾರಿ ಸನ್ಯಾಸಿ ರಾಜಗೃಹದ ವೇಳುವನದಲ್ಲಿ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಅಂತ ಕೆಲವರು ಹೇಳ್ತಾರೆ, ನೀವೇನು ಹೇಳ್ತೀರಿ? ಬುದ್ಧ ಒಪ್ಪುವುದಿಲ್ಲ. ಕೆಲವು ನೋವು ಪಿತ್ತದಿಂದ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಇವು ಮೂರೂ ಕೆಟ್ಟಾಗ ಬರುತ್ತವೆ. ಹವಾಮಾನ ಬದಲಾದರೆ ಬರುತ್ತವೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಬರುತ್ತವೆ, ಯಾರೋ ಹೊಡೆದರೆ ಬರುತ್ತವೆ. ಕರ್ಮದ ಫಲವಾಗಿಯೂ ಬರುತ್ತವೆ. ಎಂಟರಲ್ಲಿ ಅದು ಒಂದು. ಎಲ್ಲವೂ ಹಿಂದಿನದರಿಂದಲೇ ಎನ್ನುವವರು, ಜಗತ್ತೇ ಕಣ್ಣಾರೆ ಕಂಡು ಒಪ್ಪಿರುವ ವಿಷಯವನ್ನೂ ದಾಟಿ ಹೋಗುತ್ತಾರೆ ಎಂದು ಬುದ್ಧ ಹೇಳಿದ್ದು ಅವನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ.

"ಕತ್ತನ್ನ ಡಾಕ್ಟರ್ ಹತ್ರ ತಗೊಂಡು ಹೋಗಿ ತಾಯಿ" ಎಂದರು ಭಂತೇಜಿ. "ಆ ಹುಡುಗನ ವಿಷಯ ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಬೇಡಿ."

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಕಟ್ಟಿದ ಕಂತೆಲ್ಲ ಯಾವ ಖಾತೆಗೂ ಜಮೆ ಆಗಿರಲಿಲ್ಲ.

ಮತ್ತೊಂದು ಸಲ ಹೋದಾಗ ಧೈರ್ಯ ಮಾಡಿ ಕೇಳಿದೆ. "ಭಂತೇ, ಕೆಲಸ ಹೋಗೋದು ಅವನ ಕರ್ಮದಲ್ಲೂ ಇದ್ದಿರಬಹುದಲ್ವಾ? ನಾನು ಬರೀ ನೆಪ ಆಗಿರಬಹುದಲ್ವಾ?" ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಯೋಚಿಸಿ ಯೋಚಿಸಿ ತುದಿ ಮುಟ್ಟಲಾಗದ ನಾಲ್ಕು ವಿಷಯಗಳನ್ನು ಬುದ್ಧ ಹೆಸರಿಸಿದ್ದಾನೆ, ಕರ್ಮ ಯಾವಾಗ ಹೇಗೆ ಫಲ ಕೊಡುತ್ತದೆ ಎನ್ನುವುದು ಅದರಲ್ಲೊಂದು ಎಂದರು. "ಅವನ ಕರ್ಮ ನಿಮಗೆ ಕಾಣಲ್ಲ. ನಿಮ್ಮದು ಕಾಣುತ್ತೆ. ಕಾಣೋದನ್ನ ನೋಡಿ."

ಏನು ನೋಡಬೇಕು ಎನ್ನುವುದಕ್ಕೆ ಅವರು ಅಂಥದ್ದೇ ಇನ್ನೊಂದು ಸಂಗ್ರಹವಾದ ಅಂಗುತ್ತರ ನಿಕಾಯದ ಒಂದು ಸಾಲು ಕೊಟ್ಟರು. "ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ." ಕನ್ನಡದಲ್ಲಿ ಚೇತನ ಎಂದರೆ ಜೀವಕಳೆ. ಪಾಲಿಯಲ್ಲಿ ಚೇತನಾ ಎಂದರೆ ಉದ್ದೇಶ, ಮನಸ್ಸು ಒಂದು ಕಡೆ ವಾಲುವುದು. ಭಿಕ್ಷುಗಳೇ, ಉದ್ದೇಶವನ್ನೇ ನಾನು ಕರ್ಮ ಎನ್ನುತ್ತೇನೆ. ಉದ್ದೇಶಿಸಿ ಮನುಷ್ಯ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಕರ್ಮ ಮಾಡುತ್ತಾನೆ. ಬುದ್ಧನ ಮಾತುಗಳ ಪದ್ಯಸಂಗ್ರಹ ಧಮ್ಮಪದದ ಮೊದಲ ಪದ್ಯದ ಹಿನ್ನೆಲೆಯಲ್ಲಿ ಒಂದು ಕಥೆ ಹೇಳುತ್ತಾರೆ. ಕಣ್ಣಿಲ್ಲದ ಚಕ್ಖುಪಾಲ ಎಂಬ ಹಿರಿಯ ಭಿಕ್ಷು ನಡೆಯುತ್ತಾ ಧ್ಯಾನ ಮಾಡುವಾಗ ಕಾಲ ಕೆಳಗೆ ಹುಳುಗಳು ಸಾಯುತ್ತವೆ. ಉಳಿದ ಭಿಕ್ಷುಗಳು ದೂರು ತರುತ್ತಾರೆ. ಕೊಲ್ಲುವ ಉದ್ದೇಶ ಇರಲಿಲ್ಲ, ಹಾಗಾಗಿ ತಪ್ಪಿಲ್ಲ ಎನ್ನುತ್ತಾನೆ ಬುದ್ಧ.

ಇದನ್ನು ಕೇಳಿ ನನಗೆ ಮೊದಲು ಸಮಾಧಾನವೇ ಆಯಿತು. ಅಂಕಿ ತಪ್ಪಾಗಿದ್ದು ಬೇಕಂತ ಅಲ್ಲವಲ್ಲ. ಅದು ಅಜಾಗ್ರತೆ. ಭಂತೇಜಿಯೂ ಹೂಂ ಎಂದರು. ಆಮೇಲೆ, "ಮೀಟಿಂಗ್‌ನಲ್ಲಿ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಮನೆಗೆ ತಂದು ಒಂದು ತಿಂಗಳು ದಿನಾ ಅದರ ಜೊತೆ ಕೂತೆ. ಈ ಇಡೀ ದಾರಿಯಲ್ಲಿ ಕಷ್ಟವಾದದ್ದು ಇದೇ. ಅಲ್ಲಿಯವರೆಗೆ ನಾನು ನನಗೆ ಹೇಳಿಕೊಂಡದ್ದು, ಭಯದಿಂದ ಬಾಯಿ ಕಟ್ಟಿಹೋಯಿತು ಎಂದು. ಆದರೆ ಆ ಕೆಲವು ಸೆಕೆಂಡುಗಳನ್ನು ನಿಧಾನವಾಗಿ ಬಿಡಿಸಿ ನೋಡಿದರೆ ಭಯ ಒಂದೇ ಇರಲಿಲ್ಲ. ಅವನ ಹೆಸರು ಓದಿದ ತಕ್ಷಣ ಭುಜ ಸಡಿಲವಾಗಿತ್ತು. ಆ ವರ್ಷದ ಬಡ್ತಿ ಪಟ್ಟಿ ನೆನಪಾಗಿತ್ತು. ಅವನು ಹೊಸಬ, ಬೇರೆ ಕಡೆ ಸಿಗುತ್ತೆ ಎಂಬ ಯೋಚನೆ ಬಂದುಹೋಗಿತ್ತು. ಆಮೇಲೆ ನಾನು ನೋಟ್‌ಬುಕ್ ಕಡೆ ಕಣ್ಣು ಇಳಿಸಿದ್ದೆ. ಕಣ್ಣು ತಾನಾಗಿ ಇಳಿಯಲಿಲ್ಲ. ಇಳಿಸಿದೆ. ಮನಸ್ಸು ವಾಲಿದ್ದು ಅಲ್ಲಿ.

ಸುಮ್ಮನಿರುವುದು ಸುಳ್ಳಾಗುತ್ತದೆಯೇ ಎಂದು ಇನ್ನೂ ಒಂದು ಎಳೆ ಉಳಿದಿತ್ತು. ಅದನ್ನೂ ಕೇಳಿದೆ. ಭಿಕ್ಷುಗಳು ಹದಿನೈದು ದಿನಕ್ಕೊಮ್ಮೆ, ಉಪೋಸಥದ ದಿನ ಒಟ್ಟಿಗೆ ಸೇರಿ ಪಾತಿಮೊಕ್ಖ ಎಂಬ ತಮ್ಮ ನಿಯಮಗಳ ಪಟ್ಟಿಯನ್ನು ಪಠಿಸುತ್ತಾರೆ. ಥೇರವಾದ ಎಂಬ ಬೌದ್ಧ ಪಂಥದಲ್ಲಿ ಭಿಕ್ಷುಗಳಿಗೆ 227 ನಿಯಮಗಳು. ಒಂದೊಂದು ಭಾಗ ಮುಗಿದಾಗಲೂ, ಇದರಲ್ಲಿ ನೀವು ಶುದ್ಧರಾಗಿದ್ದೀರಾ ಎಂದು ಮೂರು ಸಲ ಕೇಳುತ್ತಾರೆ. ಯಾರೂ ಮಾತಾಡದಿದ್ದರೆ, ಎಲ್ಲರೂ ಶುದ್ಧರು, ಅದಕ್ಕೇ ಸುಮ್ಮನಿದ್ದಾರೆ ಎಂದು ತಿಳಿಯಲಾಗುತ್ತದೆ. ತಪ್ಪು ಮಾಡಿದ ನೆನಪಿದ್ದೂ ಮೂರನೆಯ ಸಲವೂ ಸುಮ್ಮನಿದ್ದರೆ ಅದು ತಿಳಿದೂ ಹೇಳಿದ ಸುಳ್ಳು. ಪಾತಿಮೊಕ್ಖದ ಶುರುವಿನಲ್ಲೇ ಇದನ್ನು ಹೇಳಿಬಿಡುತ್ತಾರೆ.

ನಾನು ಆರು ವರ್ಷ ಕಾಪಾಡಿಕೊಂಡು ಬಂದದ್ದು ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ಕೆಲವು ವಾರ ನಾನು ಬರೀ ಅಳುತ್ತಿದ್ದೆ. ಕೂತಲ್ಲಿ, ನಿಂತಲ್ಲಿ, ಧ್ಯಾನಕ್ಕೆ ಕಣ್ಣು ಮುಚ್ಚಿದ ಕೂಡಲೇ. ಪಶ್ಚಾತ್ತಾಪ ಒಳ್ಳೆಯದು, ಇದರಿಂದ ಶುದ್ಧಳಾಗುತ್ತಿದ್ದೇನೆ ಎಂದೇ ತಿಳಿದಿದ್ದೆ. ಭಂತೇಜಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳಲ್ಲಿ ಕುಕ್ಕುಚ್ಚವೂ ಸೇರಿದೆ. ಕುಕ್ಕುಚ್ಚ ಎಂದರೆ ಮಾಡಿದ್ದನ್ನೇ ಕೆದಕಿ ಕೆದಕಿ ಕೊರಗುವುದು. ಶಂಖ ಊದುವವನ ಉಪಮೆ ಬರುವ ಸುತ್ತವೊಂದಿದೆ, ಸುತ್ತ ಎಂದರೆ ಬುದ್ಧನ ಒಂದು ಉಪದೇಶ. ಅದರಲ್ಲಿ ತಪ್ಪು ಮಾಡಿದವನು ಹೀಗೆ ಯೋಚಿಸುತ್ತಾನೆ: ನಾನು ಮಾಡಿದ್ದು ಸರಿಯಲ್ಲ, ಒಳ್ಳೆಯದಲ್ಲ. ಆದರೆ ಅದಕ್ಕಾಗಿ ನಾನು ಕೊರಗಿದರೆ, ಮಾಡಿದ್ದು ಮಾಡದ ಹಾಗೆ ಆಗುವುದಿಲ್ಲ. ಹೀಗೆ ತಿಳಿದು ಅವನು ಅದನ್ನು ಬಿಡುತ್ತಾನೆ, ಮುಂದೆ ಮಾಡುವುದಿಲ್ಲ, ಎಲ್ಲ ದಿಕ್ಕಿಗೂ ಮೈತ್ರಿಯನ್ನು ಹರಡುತ್ತಾನೆ.

"ಅತ್ತರೆ ಅವನಿಗೇನು ಸಿಕ್ತು?" ಎಂದು ಕೇಳಿದರು. ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅತ್ತಾಗಲೂ ನಾನು ನೋಡುತ್ತಿದ್ದದ್ದು ನನ್ನನ್ನೇ.

ಆಗ ಅವರು ತನ್ನ ಮಗ ರಾಹುಲನಿಗೆ ಬುದ್ಧ ಹೇಳಿದ್ದನ್ನು ಓದಲು ಕೊಟ್ಟರು. ಮಜ್ಝಿಮ ನಿಕಾಯದ 61ನೆಯ ಸುತ್ತ. ಅಂಬಲಟ್ಠಿಕೆ ಎಂಬಲ್ಲಿ ನಡೆದದ್ದು. ಅಟ್ಠಕಥೆ ಎಂಬ ಹಳೆಯ ವ್ಯಾಖ್ಯಾನದ ಪ್ರಕಾರ ರಾಹುಲನಿಗೆ ಆಗ 7 ವರ್ಷ. ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬುದ್ಧ ಮಗನಿಗೆ ತೋರಿಸುತ್ತಾನೆ. ತಿಳಿದೂ ಸುಳ್ಳು ಹೇಳಲು ನಾಚದವರಲ್ಲಿ ಸಾಧುತನ ಇರುವುದು ಇಷ್ಟೇ. ನೀರನ್ನು ಚೆಲ್ಲುತ್ತಾನೆ. ಅದು ಹೀಗೆ ಚೆಲ್ಲಿಹೋಗುತ್ತದೆ. ಪಾತ್ರೆಯನ್ನು ಬೋರಲು ಹಾಕುತ್ತಾನೆ. ಅಶೋಕ ಚಕ್ರವರ್ತಿಗೂ ಈ ಉಪದೇಶ ಬಹಳ ಬೇಕಾದದ್ದು. ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕೆಂದು ಭಾಬ್ರು ಶಾಸನದಲ್ಲಿ ಅವನು ಪಟ್ಟಿ ಮಾಡಿದ ಏಳು ಧಮ್ಮ ಪಾಠಗಳಲ್ಲಿ, ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಬೋಧೆಯೂ ಒಂದು. ಅಷ್ಟು ದೊಡ್ಡ ರಾಜನಿಗೂ ಮಗುವಿಗೆ ಹೇಳಿದ ಪಾಠ ಬೇಕಾಯಿತಲ್ಲ ಎಂದು ನನಗೆ ಒಂದು ಬಗೆಯ ಧೈರ್ಯ ಬಂತು.

ಮುಂದೆ ಬುದ್ಧ ಕೇಳುತ್ತಾನೆ: ಕನ್ನಡಿ ಯಾಕಿರೋದು ರಾಹುಲ? ನೋಡಿಕೊಳ್ಳಲಿಕ್ಕೆ. ಹಾಗೇ ಮಾಡುವ ಮೊದಲು ನೋಡಿಕೋ, ಮಾಡುವಾಗ ನೋಡಿಕೋ, ಮಾಡಿದ ಮೇಲೂ ನೋಡಿಕೋ. ಇದರಿಂದ ನನಗೆ, ಬೇರೆಯವರಿಗೆ ನೋವಾಗುತ್ತದಾ? ಮಾಡಿಯಾಗಿದ್ದರೆ, ಅದರಿಂದ ಕೆಡುಕಾಗಿದೆ ಎಂದು ಗೊತ್ತಾದರೆ, ಗುರುವಿಗೋ ತಿಳಿದ ಸಂಗಾತಿಗೋ ಹೇಳಬೇಕು. "ದೇಸೇತಬ್ಬಂ ವಿವರಿತಬ್ಬಂ ಉತ್ತಾನೀಕಾತಬ್ಬಂ." ಹೇಳಬೇಕು, ತೆರೆದಿಡಬೇಕು, ಬಯಲು ಮಾಡಬೇಕು. ಮುಂದೆ ಹಾಗೆ ಮಾಡದಂತೆ ತಡೆದುಕೊಳ್ಳಬೇಕು.

ಭಂತೇಜಿಯ ಮುಂದೆ ಎಲ್ಲವನ್ನೂ, ಬಡ್ತಿ ಪಟ್ಟಿಯನ್ನೂ ಸೇರಿಸಿ, ಹೇಳಿದೆ. ಅವನನ್ನು ಹುಡುಕಿ ಹೋಗಬೇಕು ಎಂದು ಅವರು ಹೇಳಲಿಲ್ಲ. ಅದು ನನಗೇ ಅನಿಸಿತು. ತೆರೆದಿಟ್ಟದ್ದು ಗೊತ್ತಾಗಬೇಕಾದವನಿಗೇ ಗೊತ್ತಾಗದಿದ್ದರೆ ಅರ್ಧ ಮುಚ್ಚಿದ ಹಾಗೆ ಅಲ್ವಾ?

ಪತ್ರ ಬರೆಯಲು ಕೂತೆ. ಮೊದಲನೆಯದು ಮೂರು ಪುಟ. ಅದರಲ್ಲಿ ಆ ವಾರದ ಕೆಲಸದ ಒತ್ತಡ, ಮ್ಯಾನೇಜರ ಸಿಟ್ಟು, ನನ್ನ ಮನೆಯ ತೊಂದರೆ ಎಲ್ಲ ಇತ್ತು. ಎರಡನೆಯದು ಪೂರ್ತಿ ನನ್ನ ಸಂಕಟ. ಓದಿದವನು ನನ್ನನ್ನೇ ಸಮಾಧಾನ ಮಾಡಬೇಕು, ಹಾಗಿತ್ತು. ಎರಡನ್ನೂ ಹರಿದೆ. ಕೊನೆಗೆ ಉಳಿದದ್ದು ಐದು ಸಾಲು. ಅಂಕಿ ಅಂಟಿಸಿದ್ದು ನಾನು. ಮೀಟಿಂಗ್‌ನಲ್ಲಿ ನನಗೆ ಅದು ಗೊತ್ತಿತ್ತು. ಬೇಕೆಂದೇ ಸುಮ್ಮನಿದ್ದೆ. ಅದರಿಂದ ನಿಮ್ಮ ಕೆಲಸ ಹೋಯಿತು. ನೀವು ಒಪ್ಪಿದರೆ ಎದುರು ಬಂದು ಹೇಳುತ್ತೇನೆ.

ಹತ್ತು ದಿನ ಉತ್ತರವಿಲ್ಲ. ಆಮೇಲೆ ಒಂದು ಪಾರ್ಕಿನ ಹೆಸರು, ಸಮಯ ಬರೆದು ಕಳಿಸಿದ.

ಅವನು ಈಗ ಹುಡುಗನಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾನು ಪತ್ರದಲ್ಲಿದ್ದ ಮಾತನ್ನೇ ಬಾಯಲ್ಲಿ ಹೇಳಿದೆ. ಅವನು ತುಂಬ ಹೊತ್ತು ಕೈ ನೋಡಿಕೊಳ್ಳುತ್ತಾ ಕೂತಿದ್ದ.

"ಮೇಡಂ, ಆಮೇಲೆ ಹೋದ ಕಡೆಯೆಲ್ಲ ಹಳೇ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದ್ರು. ಅದು ಹೋಗ್ಲಿ. ನನಗೇ ಅನುಮಾನ ಬಂದ್ಬಿಡ್ತು. ನಾನು ಸರಿಯಾಗೇ ಹಾಕಿದ್ದೆ ಅಂತ ನೆನಪಿತ್ತು. ಆದರೆ ಎಲ್ಲರೂ ಹೇಳೋವಾಗ, ನೀವೂ ಸುಮ್ನೆ ಇರೋವಾಗ, ನನ್ನ ನೆನಪೇ ತಪ್ಪೇನೋ ಅನ್ನಿಸ್ತು. ಇವತ್ತಿಗೂ ಒಂದು ಅಂಕಿನ ನಾಲ್ಕು ಸಲ ನೋಡ್ತೀನಿ."

ಕೆಲಸ ಕಳೆದದ್ದು ಮಾತ್ರ ನನ್ನ ಲೆಕ್ಕದಲ್ಲಿತ್ತು. ಇದು ನನ್ನ ಕಲ್ಪನೆಯಲ್ಲೂ ಇರಲಿಲ್ಲ.

"ಕ್ಷಮಿಸಿದ್ದೀನಿ ಅಂತ ಈಗ ಹೇಳೋಕಾಗಲ್ಲ" ಎಂದ. "ಆ ಮೀಟಿಂಗಲ್ಲಿ ಇದ್ದೋರಿಗೆ ಗೊತ್ತಾಗಬೇಕು. ನನಗೊಬ್ಬನಿಗೆ ಗೊತ್ತಾದ್ರೆ ಏನು?" ಆಮೇಲೆ ಅವನ ಧ್ವನಿ ಏರಿತು. ಇನ್ನೂ ಕೆಲವು ಮಾತು ಹೇಳಿದ. ಅವನ್ನು ಇಲ್ಲಿ ಬರೆಯುವುದಿಲ್ಲ, ಅವು ನನಗೆ ಹೇಳಿದವು. ಜನರನ್ನು ಕೊಲ್ಲುತ್ತಿದ್ದ ದರೋಡೆಕೋರ ಅಂಗುಲಿಮಾಲ ನೆನಪಾದ. ಭಿಕ್ಷುವಾಗಿ ಬದಲಾದ ಮೇಲೂ ಅವನು ಊರೊಳಗೆ ಹೋದಾಗ ಕಲ್ಲು ಬೀಳುತ್ತದೆ. ತಲೆ ಒಡೆದು, ಪಾತ್ರೆ ಮುರಿದು, ಚೀವರ ಹರಿದು ಬರುತ್ತಾನೆ. ಬುದ್ಧ ಜನರನ್ನು ಬೈಯುವುದಿಲ್ಲ. ತಾಳಿಕೋ ಎನ್ನುತ್ತಾನೆ. ನಾನು ಕೂತು ಕೇಳಿಸಿಕೊಂಡೆ. ಮಧ್ಯೆ ಒಂದೇ ಒಂದು ವಿವರಣೆ ಬಾಯಿಗೆ ಬಂದಿತ್ತು. ಅದು ಬರುವುದು ಕಾಣಿಸಿತು, ಹೇಳಲಿಲ್ಲ. ಆ ಸಲದ ನನ್ನ ಮೌನ ಬೇರೆ ಥರದ್ದು.

ಮರುವಾರ ಮ್ಯಾನೇಜರಿಗೆ ಒಂದು ಪುಟದ ಪತ್ರ ಕೊಟ್ಟೆ. ಮೀಟಿಂಗ್‌ನಲ್ಲಿ ಇದ್ದವರಿಗೆಲ್ಲ ಪ್ರತಿ ಕಳಿಸಿದೆ. ಆರು ವರ್ಷದ ಹಳೇ ಕಥೆ ಈಗ ಯಾಕೆ ಎಂದು ಒಬ್ಬರು ಕೇಳಿದರು. ಕೆಲವರು ಮಾತು ಬಿಟ್ಟರು. ನನಗೆ ಎಚ್ಚರಿಕೆಯ ಪತ್ರ ಬಂತು, ವಾರ್ಷಿಕ ವರದಿಯ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಅವನ ದಾಖಲೆಗೆ ನನ್ನ ಪತ್ರ ಸೇರಿಸುತ್ತೇವೆ ಎಂದು ಬರಹದಲ್ಲಿ ಕೊಟ್ಟರು. ಅದರ ಪ್ರತಿಯನ್ನು ಅವನಿಗೆ ಕಳಿಸಿದೆ. "ಸಿಕ್ಕಿತು ಮೇಡಂ" ಎಂದಷ್ಟೇ ಉತ್ತರ.

ಭಂತೇಜಿಗೆ ಹೇಳಿದಾಗ ಅವರು ಉಪ್ಪಿನ ಉಪಮೆ ನೆನಪಿಸಿದರು. ಒಂದು ಹರಳು ಉಪ್ಪನ್ನು ಪುಟ್ಟ ಬಟ್ಟಲಿನ ನೀರಿಗೆ ಹಾಕಿದರೆ ಕುಡಿಯಲಾಗುವುದಿಲ್ಲ. ಅದೇ ಉಪ್ಪನ್ನು ಗಂಗಾ ನದಿಗೆ ಹಾಕಿದರೆ ನೀರು ಉಪ್ಪಾಗುವುದಿಲ್ಲ. ಅಭ್ಯಾಸದಿಂದ ಮನಸ್ಸು ದೊಡ್ಡದಾಗುತ್ತಾ ಹೋಗಬೇಕು. ನಾನು, "ಉಪ್ಪು ಅಲ್ಲೇ ಇರುತ್ತಲ್ವಾ ಭಂತೇ?" ಎಂದೆ. "ಇರುತ್ತೆ" ಎಂದರು.

ಈಗ ದಿನಾ ಮಲಗುವ ಮೊದಲು ರಾಹುಲನ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಕತ್ತಿನ ವ್ಯಾಯಾಮವನ್ನೂ ಮಾಡುತ್ತೇನೆ. ನೋವು ಬಹಳ ಕಮ್ಮಿಯಾಗಿದೆ.

ಎರಡು ತಿಂಗಳ ನಂತರ ಅವನಿಂದ ಒಂದು ಮೆಸೇಜ್ ಬಂತು. "ನಾನು ಮಾಡಿಕೊಟ್ಟ ಮೂಲ ಶೀಟ್ ಇನ್ನೂ ಇದೆಯಾ? ಅದು ಸರಿ ಇತ್ತಾ ಅಂತ ಒಂದ್ಸಲ ನೋಡ್ತೀರಾ?"

ಹಳೆಯ ಮೇಲ್‌ಗಳಲ್ಲಿ ಹುಡುಕಿದೆ. ಸಿಕ್ಕಿತು. ಆ ವರ್ಷದ ಮೂಲ ದಾಖಲೆ ತರಿಸಿಕೊಂಡು, ಬಾಗಿಲು ಹಾಕಿ, ಒಂದೊಂದೇ ಸಾಲು ತಾಳೆ ನೋಡಿದೆ. ಮುಗಿದ ಮೇಲೆ ಮೊದಲಿಂದ ಇನ್ನೊಮ್ಮೆ ನೋಡಿದೆ. ಸಂಜೆ ಫೋನ್ ಮಾಡಿದೆ.

"ಒಂದು ಅಂಕಿಯೂ ತಪ್ಪಿಲ್ಲ. ಎಲ್ಲ ಸರಿ ಇತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

"ಇನ್ನೊಂದ್ಸಲ ಹೇಳಿ ಮೇಡಂ" ಎಂದ.

ಹೇಳಿದೆ.